ಸೆಷನ್‌ನಲ್ಲಿ ಇಡೀ ಆಬ್ಜೆಕ್ಟನ್ನು ಇಡಬೇಡಿ

ಜಾವಾ, ಹೈಬರ್ನೇಟ್ (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ನ ಸಾಲುಗಳಿಗೆ ಜೋಡಿಸುವ ಸಾಧನ) ಬಳಸಿ ವೆಬ್ ಅಪ್ಲಿಕೇಶನ್ ಬರೆಯುವವರು ದಯವಿಟ್ಟು ಇದನ್ನು ಓದಿ. ಬೇರೊಂದು ತಂಡದಿಂದ ನಮ್ಮ ಕೈಗೆ ಬಂದ ಅಪ್ಲಿಕೇಶನ್‌ನಲ್ಲಿ, ಬಳಕೆದಾರ ಲಾಗಿನ್ ಆದ ಕೂಡಲೇ ಆತನ ಖಾತೆಯ ಆಬ್ಜೆಕ್ಟನ್ನು ಡೇಟಾಬೇಸ್‌ನಿಂದ ಓದಿ ಎಚ್‌ಟಿಟಿಪಿ ಸೆಷನ್‌ನಲ್ಲಿ (ಪ್ರತಿ ಬಳಕೆದಾರನಿಗಾಗಿ ಸರ್ವರ್ ನೆನಪಿಟ್ಟುಕೊಳ್ಳುವ ಜಾಗದಲ್ಲಿ) ಇಟ್ಟುಬಿಡುತ್ತಿದ್ದರು. ಪ್ರತಿ ಪುಟಕ್ಕೂ ಡೇಟಾಬೇಸ್‌ಗೆ ಹೋಗುವುದು ತಪ್ಪುತ್ತದೆ ಎಂಬ ಲೆಕ್ಕಾಚಾರ.

ವಂಚನೆಯ ಅನುಮಾನ ಬಂದ ಒಂದು ಖಾತೆಯನ್ನು ನಿರ್ವಾಹಕರು ತಡೆಹಿಡಿದರು. ಆ ಬಳಕೆದಾರ ಇನ್ನೂ ಲಾಗಿನ್ ಆಗಿಯೇ ಇದ್ದ. ತನ್ನ ಪುಟದಲ್ಲಿ ಫೋನ್ ಸಂಖ್ಯೆ ಬದಲಿಸಿ ‘ಉಳಿಸು’ ಒತ್ತಿದ. ಖಾತೆ ಮತ್ತೆ ಚಾಲ್ತಿಗೆ ಬಂತು! ಸೆಷನ್‌ನಲ್ಲಿದ್ದುದು ಲಾಗಿನ್ ಆದಾಗಿನ ಪ್ರತಿ. ಅದರಲ್ಲಿ ಸ್ಥಿತಿ ‘ಸಕ್ರಿಯ’ ಎಂದೇ ಇತ್ತು. ಮರ್ಜ್ ಮಾಡಿದಾಗ, ಅಂದರೆ ಆ ಪ್ರತಿಯನ್ನು ಉಳಿಸಲು ಮರಳಿ ಕೊಟ್ಟಾಗ, ಹೈಬರ್ನೇಟ್ ಫೋನ್ ಸಂಖ್ಯೆಯನ್ನಷ್ಟೇ ಅಲ್ಲ, ಹಳೆಯ ಪ್ರತಿಯ ಎಲ್ಲ ಮೌಲ್ಯಗಳನ್ನೂ ಈಗಿನ ಸಾಲಿನ ಮೇಲೆ ನಕಲಿಸುತ್ತದೆ. ಡೈನಾಮಿಕ್ ಅಪ್‌ಡೇಟ್ (ಬದಲಾದ ಕಾಲಂಗಳನ್ನಷ್ಟೇ ಬರೆಯುವ ಆಯ್ಕೆ) ಇದ್ದರೂ ಇದು ತಪ್ಪುವುದಿಲ್ಲ. ಲಾಗ್‌ನಲ್ಲಿ ಒಂದೇ ಒಂದು ದೋಷ ಸಂದೇಶವೂ ಇರಲಿಲ್ಲ. ನಿರ್ವಾಹಕರೇ ತಡೆಹಿಡಿಯಲು ಮರೆತಿದ್ದಾರೆ ಎಂದು ಎಲ್ಲರೂ ನಂಬಿದರು. ಏನೂ ತಪ್ಪು ಮಾಡದವರು ಮಾತು ಕೇಳಬೇಕಾಯಿತು. ಅದು ನನಗೆ ಈಗಲೂ ನೋವಿನ ಸಂಗತಿ.

ಲೇಜಿ ಇನಿಶಿಯಲೈಸೇಶನ್ ದೋಷದ (ಹೈಬರ್ನೇಟ್ ಸೆಷನ್ ಮುಚ್ಚಿದ ಮೇಲೆ, ಇನ್ನೂ ಓದಿರದ ಮಾಹಿತಿಯನ್ನು ಕೇಳಿದಾಗ ಬರುವ ದೋಷ) ಕಾಟ ತಾಳದೆ ಕೆಲವರು ಹೈಬರ್ನೇಟ್ ಸೆಷನ್ನನ್ನೇ (ಡೇಟಾಬೇಸ್ ಜೊತೆ ಹೈಬರ್ನೇಟ್ ವ್ಯವಹರಿಸುವ ಆಬ್ಜೆಕ್ಟ್) ಮುಚ್ಚದೆ ಎಚ್‌ಟಿಟಿಪಿ ಸೆಷನ್‌ನೊಳಗೆ ಇಡುತ್ತಾರೆ. ಇದು ಇನ್ನೂ ಕೆಟ್ಟದ್ದು. ಹೈಬರ್ನೇಟ್ ಸೆಷನ್ನನ್ನು ಹಲವು ಥ್ರೆಡ್‌ಗಳು (ಸರ್ವರ್‌ನಲ್ಲಿ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು) ಒಟ್ಟಿಗೆ ಬಳಸುವಂತಿಲ್ಲ. ಒಬ್ಬನೇ ಬಳಕೆದಾರ ಎರಡು ಟ್ಯಾಬ್ ತೆರೆದರೂ ಸಾಕು, ಕೆಡುತ್ತದೆ.

ಸೆಷನ್‌ನಲ್ಲಿ ಖಾತೆಯ ಐಡಿ ಮಾತ್ರ ಇರಲಿ. ಪ್ರತಿ ವಿನಂತಿಗೂ ಹೊಸದಾಗಿ ಓದಿ. ಪ್ರೈಮರಿ ಕೀ ಹಿಡಿದು ಒಂದು ಸಾಲು ಓದುವುದು ದೊಡ್ಡ ಹೊರೆಯೇನಲ್ಲ. ಟೇಬಲ್‌ಗೆ ವರ್ಷನ್ ಕಾಲಂ (ಸಾಲು ಬದಲಾದಾಗಲೆಲ್ಲ ಹೆಚ್ಚುವ ಸಂಖ್ಯೆ) ಸೇರಿಸಿ; ನಡುವೆ ಬೇರೆಯವರು ಸಾಲನ್ನು ಬದಲಿಸಿದ್ದಾರೆಯೇ ಎಂದು ಅದರಿಂದ ತಿಳಿಯಬಹುದು. ಆದರೆ ಇಲ್ಲಿ ಹಲವರು ಎಡವುತ್ತಾರೆ: ಉಳಿಸುವ ಹೊತ್ತಿಗೆ ಆಬ್ಜೆಕ್ಟನ್ನು ಹೊಸದಾಗಿ ಓದಿದರೆ ವರ್ಷನ್ ಕೂಡ ಹೊಸದೇ ಬರುತ್ತದೆ, ತಾಳೆ ನೋಡಲು ಏನೂ ಉಳಿಯುವುದಿಲ್ಲ. ಫಾರಂ ತೋರಿಸಿದಾಗಿನ ವರ್ಷನ್ ಫಾರಂ ಜೊತೆಯಲ್ಲೇ ಹೋಗಿ ಬರಬೇಕು. ಹೊಸದಾಗಿ ಓದಿದ ಆಬ್ಜೆಕ್ಟ್‌ಗೆ ಆ ಹಳೆಯ ಸಂಖ್ಯೆಯನ್ನು ತುಂಬಿದರೆ ಹೈಬರ್ನೇಟ್ ಅದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಎರಡನ್ನೂ ನೀವೇ ಹೋಲಿಸಿ. ಬೇರೆಯಾಗಿದ್ದರೆ ಉಳಿಸದೆ ಬಳಕೆದಾರನಿಗೆ ತಿಳಿಸಿ.

ಹಳೆಯ ಕೋಡ್ ಕೈಯಲ್ಲಿದ್ದರೆ ‘ಸೆಟ್‌ಆಟ್ರಿಬ್ಯೂಟ್’ (ಸೆಷನ್‌ನಲ್ಲಿ ಏನನ್ನಾದರೂ ಇಡುವ) ಕರೆಗಳನ್ನು ಇಂದೇ ಹುಡುಕಿ, ಎಂಟಿಟಿ (ಡೇಟಾಬೇಸ್ ಸಾಲನ್ನು ಪ್ರತಿನಿಧಿಸುವ ಆಬ್ಜೆಕ್ಟ್) ಸಿಕ್ಕಲ್ಲೆಲ್ಲ ಐಡಿ ಹಾಕಿ. ಖಾತೆ ತಡೆಹಿಡಿಯುವ, ಅಧಿಕಾರ ಹಿಂಪಡೆಯುವ ಭಾಗಗಳಿಂದ ಶುರುಮಾಡಿ.