ತುಲಾಂಬೆನ್‌ನ ಹಡಗು ನೋಡಬೇಕೆಂದರೆ ಬೆಳಗಿನ ಆರಕ್ಕೆ ನೀರಿಗಿಳಿಯಿರಿ

ಕುಂದಾಪುರದ ಸುತ್ತಮುತ್ತ ಹದಿನಾಲ್ಕು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಧಾರೆ ಎರೆಯುವ ಕ್ಷಣಕ್ಕೆ ಸರಿಯಾಗಿ ಮಂಟಪದ ಮುಂದೆ ನಾಲ್ಕು ಮೊಬೈಲ್ ಎದ್ದು ನಿಂತರೆ ಎಷ್ಟು ಸಂಕಟ ಅಂತ ನನಗೆ ಗೊತ್ತು. ಬಾಲಿಯ ತುಲಾಂಬೆನ್‌ನಲ್ಲಿ ಮೊದಲ ದಿನ ಅದೇ ಸಂಕಟ ನೀರಿನ ಅಡಿಯಲ್ಲಿ ಆಯಿತು.

ಅಲ್ಲಿರುವುದು ಲಿಬರ್ಟಿ ಎಂಬ ಅಮೆರಿಕದ ಸರಕು ಹಡಗು. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿ ಅದಕ್ಕೆ ಟಾರ್ಪಿಡೊ ಹೊಡೆಯಿತು. ಎಳೆದುಕೊಂಡು ಹೋಗುವಾಗ ನೀರು ನುಗ್ಗುತ್ತಲೇ ಇತ್ತು, ಹಾಗಾಗಿ ತುಲಾಂಬೆನ್ ದಡಕ್ಕೆ ಹತ್ತಿಸಿಬಿಟ್ಟರು. ಇಪ್ಪತ್ತು ವರ್ಷ ದಡದಲ್ಲೇ ಬಿದ್ದಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಸಮುದ್ರಕ್ಕೆ ಜಾರಿತು. ಸುಮಾರು 120 ಮೀಟರ್ ಉದ್ದದ ಹಡಗು, ಮೇಲಿನ ಅಂಚು 5 ಮೀಟರ್ ಆಳದಲ್ಲಿ, ಕೆಳಗಿನದು 30 ಮೀಟರ್ ಹತ್ತಿರ. ನಾನು ಡೈವಿಂಗ್ ಕಲಿತದ್ದು ನೇತ್ರಾಣಿಯಲ್ಲಿ. ಅಲ್ಲಿಗೆ ಮುರ್ಡೇಶ್ವರದಿಂದ ದೋಣಿಯೇ ಬೇಕು. ಇಲ್ಲಿ ದಡದಿಂದ ನಡೆದುಕೊಂಡೇ ನೀರಿಗಿಳಿದು, ಸ್ವಲ್ಪ ದೂರ ಈಜಿದರೆ ಹಡಗು. ಜನ ಇಷ್ಟೊಂದು ಸೇರುವುದಕ್ಕೂ ಅದೇ ಕಾರಣ.

ಮೊದಲ ದಿನ ದಕ್ಷಿಣ ಬಾಲಿಯ ಒಂದು ಡೈವಿಂಗ್ ಶಾಪ್‌ನಲ್ಲಿ ಬುಕ್ ಮಾಡಿದ್ದೆ. ಹೋಟೆಲಿನಿಂದ ಕರೆದುಕೊಂಡು ಹೋಗಿ, ಎರಡು ಡೈವ್ ಮಾಡಿಸಿ, ಸಂಜೆ ವಾಪಸ್ ಬಿಡುವುದು. ಮೂರು ಗಂಟೆ ವ್ಯಾನಿನಲ್ಲಿ ಕೂತು ತಲುಪಿದಾಗ ಒಂಬತ್ತೂವರೆ, ಪಾರ್ಕಿಂಗ್ ತುಂಬಿತ್ತು. ನಾವು ಆರು ಜನ, ಗೈಡ್ ಒಬ್ಬ. ಕೆಳಗೆ ಹೋದರೆ ಯಾವ ಕಡೆ ಕ್ಯಾಮೆರಾ ತಿರುಗಿಸಿದರೂ ಯಾರದೋ ಕಾಲಿನ ಈಜುರೆಕ್ಕೆ, ಯಾರದೋ ಗುಳ್ಳೆ. ಅಲ್ಲಿನದು ಕಪ್ಪು ಮರಳು, ಒಬ್ಬರ ಕಾಲು ತಾಗಿದರೂ ಕದಡಿ ಮೇಲೇಳುತ್ತದೆ. ಆ ಕಣಗಳ ಮೇಲೆ ಸ್ಟ್ರೋಬ್, ಅಂದರೆ ನೀರಿನಡಿಯ ಫ್ಲ್ಯಾಷ್, ಬೆಳಕು ಬಿದ್ದರೆ ಫೋಟೋ ತುಂಬ ಅಕ್ಷತೆ ಎರಚಿದ ಹಾಗೆ ಬಿಳಿ ಚುಕ್ಕೆ.

ಅದನ್ನಾದರೂ ಸಹಿಸಬಹುದು. ನಮ್ಮ ಗೈಡ್ ಉಕ್ಕಿನ ಕಡ್ಡಿಯಿಂದ ಒಂದು ಪುಟ್ಟ ನ್ಯೂಡಿಬ್ರಾಂಕನ್ನು (ಚಿಪ್ಪಿಲ್ಲದ ಸಮುದ್ರದ ಬಸವನಹುಳು) ಅದಿದ್ದ ಜಾಗದಿಂದ ಎಬ್ಬಿಸಿ, ನನ್ನ ಲೆನ್ಸ್ ಎದುರಿಗಿನ ಬರಿಯ ಕಬ್ಬಿಣದ ಮೇಲೆ ಇಟ್ಟ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಮೈ ಮುದುಡಿಕೊಂಡು ನಿಂತಿತು. ನಾನು ಕೈಯಾಡಿಸಿ ಬೇಡ ಅಂದೆ, ಕ್ಯಾಮೆರಾ ಎತ್ತಲಿಲ್ಲ. ಮೇಲೆ ಬಂದಮೇಲೆ ಅವನಿಗೂ ಶಾಪ್‌ನವರಿಗೂ ನೇರವಾಗಿ ಹೇಳಿದೆ. ಗಿರಾಕಿಗಳೇ ಕೇಳುತ್ತಾರೆ ಅಂದರು. ಕೇಳುವವರು ಕೇಳುವುದನ್ನು ಬಿಡಬೇಕು, ಕಡ್ಡಿ ಹಿಡಿದವರು ಇಲ್ಲ ಅನ್ನಬೇಕು.

ಅವತ್ತು ವಾಪಸ್ ಹೋಗಲಿಲ್ಲ. ಹಳ್ಳಿಯಲ್ಲೇ ರೂಮು ಹಿಡಿದು, ಅಲ್ಲಿಯವರೇ ನಡೆಸುವ ಸಣ್ಣ ಶಾಪ್‌ನಲ್ಲಿ ಮಾತಾಡಿದೆ. ಇಬ್ಬರಿಗೆ ಒಬ್ಬ ಗೈಡ್, ಬೆಳಗಿನ ಆರಕ್ಕೆ ನೀರಿನಲ್ಲಿರಬೇಕು.

ದಡದಲ್ಲಿ ಟ್ಯಾಂಕ್ ಹೊರುವುದು ಊರಿನ ಹೆಂಗಸರು. ತಲೆಯ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ 15 ಕಿಲೋಗೂ ಹೆಚ್ಚು ತೂಗುವ ಸಿಲಿಂಡರ್. ಕಾಲಿಟ್ಟರೆ ಉರುಳುವ ಗುಂಡುಕಲ್ಲುಗಳ ಮೇಲೆ ಒಂದು ಕೈಯನ್ನೂ ತಲೆಗೆ ಆನಿಸದೆ ನಡೆಯುತ್ತಾರೆ. ಹೌಸಿಂಗ್, ಅಂದರೆ ಕ್ಯಾಮೆರಾಕ್ಕೆ ನೀರು ತಾಗದಂತೆ ಕಾಯುವ ಪೆಟ್ಟಿಗೆ, ಎದೆಗವಚಿಕೊಂಡು ತಡವರಿಸುತ್ತಿದ್ದ ನನ್ನ ಮೊಣಕೈ ಹಿಡಿದು ಒಬ್ಬ ಅಮ್ಮ ಅಲೆಯ ಅಂಚಿನವರೆಗೂ ದಾಟಿಸಿದರು. ಇವರ ಕೂಲಿಯಲ್ಲಿ ಯಾರೂ ಚೌಕಾಸಿ ಮಾಡಬೇಡಿ.

ಕೆಳಗೆ ಇನ್ನೂ ಅರೆಗತ್ತಲು. ಹಡಗಿನ ಒಡಲಿನಲ್ಲಿ ರಾತ್ರಿ ಕಳೆದ ಬಂಪ್‌ಹೆಡ್ ಪ್ಯಾರಟ್ ಮೀನುಗಳು ಹೊರಡುವ ಹೊತ್ತು. ಒಂದೊಂದೂ ಮೀಟರ್ ಉದ್ದ. ಹಣೆಯಲ್ಲಿ ಗಡ್ಡೆಯಂಥ ಉಬ್ಬು, ತುಟಿ ಮುಚ್ಚಿದರೂ ಹೊರಗೆ ಕಾಣುವ ಹಲ್ಲಿನ ಕೊಕ್ಕು. ಹವಳವನ್ನು ಆ ಕೊಕ್ಕಿನಿಂದಲೇ ಕಡಿದು ತಿಂದು, ಮರಳಾಗಿ ಹೊರಹಾಕುತ್ತವೆ. ಕಟಕಟ ಶಬ್ದ ನೀರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಗೈಡ್ ನನ್ನನ್ನು ಒಂದು ತೊಲೆಯ ಪಕ್ಕ ನಿಲ್ಲಿಸಿ, ಅಲ್ಲಾಡಬೇಡ ಎಂದು ಅಂಗೈ ತೋರಿಸಿದ. ನಿಂತೆ. ಅವು ತಾವಾಗಿಯೇ ಹತ್ತಿರ ಬಂದವು. ಒಂದರ ಕೆನ್ನೆಯ ಗೀರುಗಳನ್ನೂ ಎಣಿಸಬಹುದಿತ್ತು.

ಫೋಟೋದವರಿಗೆ ಎರಡು ಮಾತು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು, ಐದು ಮೀಟರ್ ಇಳಿಯುವಷ್ಟರಲ್ಲೇ ಚರ್ಮದ ಬಣ್ಣ ಮಂಕಾಗುತ್ತದೆ. ಹಾಗಾಗಿ ಸ್ಟ್ರೋಬ್ ಬೇಕು. ಅದನ್ನು ಲೆನ್ಸ್‌ನ ಪಕ್ಕದಲ್ಲಿಟ್ಟುಕೊಳ್ಳದೆ ತೋಳು ಚಾಚಿ ಅಗಲಕ್ಕೆ ಇಡಿ, ಬಿಳಿ ಚುಕ್ಕೆ ಎಷ್ಟೋ ಕಡಿಮೆಯಾಗುತ್ತದೆ. ವಸ್ತುವಿಗೆ ಹತ್ತಿರ ಹೋಗಿ, ಆದರೆ ತೇಲುವ ಹಿಡಿತ ಬಂದಮೇಲೆ ಮಾತ್ರ. ನಿಂತಲ್ಲಿ ನಿಲ್ಲಲು ಬಾರದಿದ್ದರೆ ಕ್ಯಾಮೆರಾ ರೂಮಿನಲ್ಲೇ ಬಿಟ್ಟು ನಾಲ್ಕು ಡೈವ್ ಮಾಡಿ. ಮೊದಲ ದಿನ ನನ್ನ ಕಣ್ಣೆದುರೇ ಒಬ್ಬರು ವ್ಯೂಫೈಂಡರ್‌ನಲ್ಲಿ ಮುಳುಗಿ, ಹಿಂದಿದ್ದ ಬೀಸಣಿಗೆ ಹವಳವನ್ನು ಒದ್ದು ಮುರಿದರು. ಅದು ಅಷ್ಟು ದೊಡ್ಡದಾಗಲು ಎಷ್ಟು ವರ್ಷ ಹಿಡಿದಿತ್ತೋ.

ಹೌಸಿಂಗ್‌ನ ಬಾಯಿಗೆ ನೀರು ನುಗ್ಗದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್‌ಗೆ ರಾತ್ರಿಯೇ ಗ್ರೀಸ್ ಹಚ್ಚಿ ಹೌಸಿಂಗ್ ಮುಚ್ಚಿಡಿ, ಬೆಳಗಿನ ನಿದ್ದೆಗಣ್ಣಿನಲ್ಲಿ ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ಒಳಗೆ. ಅಡಿಭಾಗ ದಪ್ಪಗಿರುವ ಡೈವಿಂಗ್ ಬೂಟು ಕೊಂಡುಹೋಗಿ, ಆ ಕಲ್ಲುಗಳಿಗೆ ತೆಳು ಸಾಕ್ಸ್ ಸಾಲದು.

ನಾವು ಮೇಲೆ ಬಂದು ಅನ್ನ, ಮೊಟ್ಟೆ ತಿನ್ನುತ್ತಿರುವಾಗ ಮೊದಲ ವ್ಯಾನ್ ಬಂತು. ಬಾಗಿಲು ತೆರೆದು ಆರು ಜನ ಇಳಿದರು.