ನೆಲದಡಿ ಯಾವ ರೇಡಿಯೋ ಕೈಕೊಡಲ್ಲ? ಬಳಸಿ ನೋಡಿದ ಮೇಲೆ ಬರೆದದ್ದು

ಕಲ್ಲಿದ್ದಲು ಗಣಿಗಾಗಿ ಮಾಡಿದ ರೇಡಿಯೋ, ಟ್ರ್ಯಾಕಿಂಗ್ ಸಲಕರಣೆಗಳನ್ನು ಮುಂಬೈಯಲ್ಲಿ ಪರೀಕ್ಷಿಸೋದಾ ಅಂತ ನಗಬೇಡಿ. ಇಲ್ಲಿ ಗಣಿ ಇಲ್ಲ, ಆದರೆ ಸುರಂಗಕ್ಕೇನೂ ಬರವಿಲ್ಲ. ನಮ್ಮ ಕೆಲಸ ನಡೆಯುತ್ತಿದ್ದ ನೀರಿನ ಸುರಂಗದಲ್ಲೇ ಹಾಕಿ ನೋಡಿದೆವು. ಜೊತೆಗೆ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ಬಂದ ಮಲ್ಲಪ್ಪ ಕಾಕಾ.

ದಿನದ ಕೆಲಸಕ್ಕೆ ಲೀಕಿ ಫೀಡರ್‌ಗೆ ಸಾಟಿಯಿಲ್ಲ. ಸುರಂಗದುದ್ದಕ್ಕೂ ಒಂದು ಕೇಬಲ್, ಅದರ ಕವಚದಲ್ಲಿ ಬೇಕಂತಲೇ ಬಿಟ್ಟ ಸಂದಿಗಳು. ತೋಟದ ಡ್ರಿಪ್ ಪೈಪಿನ ಹಾಗೆ ಉದ್ದಕ್ಕೂ ಸಿಗ್ನಲ್ ಸೋರುತ್ತದೆ. ಬರೀ ವಾಕಿಟಾಕಿ ಮೊದಲ ತಿರುವಿಗೇ ಗೊರಗೊರ ಅಂದಿತ್ತು. ಕೇಬಲ್ ಇದ್ದಾಗ ಕಾಕಾ ಕೆಮ್ಮಿದ್ದೂ ಕೇಳಿಸಿತು. ಆದರೆ ನಡುವಿನ ಒಂದು ಜಾಯಿಂಟ್ ಬಿಚ್ಚಿದೆವು ನೋಡಿ, ಆಚೆಯವರ ದನಿಯೇ ಇಲ್ಲ. ಚಾವಣಿ ಕುಸಿದರೆ ಆಗೋದೂ ಇದೇ ಅಲ್ವಾ?

ವೈಫೈ ಮೆಶ್ ಬಗ್ಗೆ ನಮ್ಮ ತೀರ್ಪು ಪೂರ್ತಿ ನ್ಯಾಯವಲ್ಲ. ಅಲ್ಲಲ್ಲಿ ಇಟ್ಟ ಪುಟ್ಟ ವೈಫೈ ಪೆಟ್ಟಿಗೆಗಳು (ನೋಡ್) ಸಿಗ್ನಲನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಒಂದು ನೋಡ್ ಹೋದರೆ ಇನ್ನೊಂದು ದಾರಿ ಹುಡುಕೋದೇ ಅದರ ಬಲ. ನಮ್ಮದು ಒಂಟಿ ಸುರಂಗ, ಬಳಸುದಾರಿ ಎಲ್ಲಿಂದ ಬರಬೇಕು? ಅಕ್ಕಪಕ್ಕ ಗ್ಯಾಲರಿಗಳಿರುವ ಗಣಿಯಲ್ಲಿ ಲಾಭ ಜಾಸ್ತಿ. ಬ್ಯಾಟರಿ ಮಾತ್ರ ಗಟ್ಟಿ ಇರಬೇಕು. ನಮ್ಮ ದೇಶದ ಕಲ್ಲಿದ್ದಲು ಗಣಿಗಳಲ್ಲಿ, ಕಿಡಿ ತಾಕಿದರೆ ಸ್ಫೋಟಿಸುವ ಮಿಥೇನ್ ಅನಿಲ ಗಾಳಿಯಲ್ಲಿ ಶೇ 1.25 ದಾಟಿದರೆ ಕರೆಂಟ್ ತೆಗೆಯಲೇಬೇಕು, ಆಮೇಲೆ ನೋಡ್‌ಗೆ ಬ್ಯಾಟರಿಯೇ ಗತಿ.

ಇನ್ನು ಆರ್‌ಎಫ್‌ಐಡಿ ಟ್ಯಾಗ್, ಅಂದರೆ ಮೈಮೇಲೆ ಇಟ್ಟುಕೊಳ್ಳುವ ಪುಟ್ಟ ಚಿಪ್. ಸುರಂಗದಲ್ಲಿ ಅಲ್ಲಲ್ಲಿ ಇಟ್ಟ ರೀಡರ್‌ಗಳು ಹತ್ತಿರ ಬಂದ ಟ್ಯಾಗನ್ನು ಗುರುತಿಸುತ್ತವೆ. ಕಾಕಾ ಎರಡು ರೀಡರ್‌ಗಳ ನಡುವೆ ಕೂತು ಆರಾಮಾಗಿ ಚಹಾ ಕುಡಿಯುತ್ತಿದ್ದರು. ಪರದೆಯಲ್ಲಿ ಮಾತ್ರ ಇನ್ನೂ ಹಿಂದಿನ ರೀಡರ್ ಹತ್ತಿರವೇ ಇದ್ದರು. ಅದು ಹೇಳೋದು ಕೊನೆಗೆ ದಾಟಿದ ಜಾಗವನ್ನಷ್ಟೇ. ಯಾರು ಕೆಳಗಿಳಿದಿದ್ದಾರೆ ಅಂತಷ್ಟೇ ಹೇಳುವ ಲ್ಯಾಂಪ್ ರೂಮಿನ ಟೋಕನ್‌ಗಿಂತ ವಾಸಿ, ಅಷ್ಟೇ.

ನನಗೆ ತುಂಬಾ ಕುತೂಹಲ ಇದ್ದದ್ದು ಮಣ್ಣು-ಬಂಡೆ ತೂರಿ ಹೋಗುವ ರೇಡಿಯೋ ಮೇಲೆ. ಅದಕ್ಕೆ ಕಾರಣ ಇದೆ. 2006ರ ಜನವರಿ 2ರಂದು ಅಮೆರಿಕದ ಸಾಗೋ ಗಣಿಯಲ್ಲಿ ಸ್ಫೋಟವಾಗಿ 12 ಜನ ಸತ್ತರು. ಸಿಕ್ಕಿಬಿದ್ದವರು ಚಾವಣಿಯ ಬೋಲ್ಟ್ ಬಡಿದು ಸದ್ದು ಮಾಡಿದ್ದರು, ಮೇಲಿನವರಿಗೆ ಕೇಳಲಿಲ್ಲ. ಅದೇ ವರ್ಷ ಅಲ್ಲಿ ಗಣಿ ಕಾರ್ಮಿಕರ ಸುರಕ್ಷತೆಗೆ ಬಂದ ‘ಮೈನರ್’ (MINER) ಕಾಯ್ದೆ ವೈರ್‌ಲೆಸ್ ಮಾತುಕತೆ ಮತ್ತು ಟ್ರ್ಯಾಕಿಂಗನ್ನು ಕಡ್ಡಾಯ ಮಾಡಿತು.

ಬಂಡೆ ತೂರುವ ಈ ರೇಡಿಯೋಗೆ ನಡುವೆ ಕೇಬಲ್ಲೇ ಬೇಡ. ಸೈಟ್ ಅಂಗಳದಲ್ಲಿ ತಂತಿಯ ದೊಡ್ಡ ಸುತ್ತು ಹಾಸಿದೆವು, ಕೆಳಗೆ ಚಿಕ್ಕದು. ಕೆಲವೇ ಕಿಲೋಹರ್ಟ್ಸ್, ಹಾಗಾಗಿ ಬಂಡೆಯನ್ನು ದಾಟುತ್ತದೆ. ಆದರೆ ತುಂಬಾ ನಿಧಾನ. ಮೇಲಿಂದ ಕಳಿಸಿದ ಒಂದು ಸಾಲಿನ ಸಂದೇಶ ತೆವಳಿಕೊಂಡು ಬಂತು. "ಸಾಹೇಬ್ರ, ಇದು ಬರೋದ್ರೊಳಗ ನಾ ಮ್ಯಾಲ ಹತ್ತಿ ಹೇಳಿ ಬರ್ತಿದ್ದೆ," ಅಂದರು ಕಾಕಾ. ಕೆಳಗಿಂದ ಉತ್ತರ ಕಳಿಸೋದು ಇನ್ನೂ ಕಷ್ಟ. ಮೇಲೆ ಎಷ್ಟು ಬೇಕಾದರೂ ಪವರ್ ಕೊಡಬಹುದು. ಕೆಳಗೆ ಕಿಡಿ ಹಾರಬಾರದು, ಹಾಗಾಗಿ ಕರೆಂಟಿಗೆ ಮಿತಿ. ಸಾಲದ್ದಕ್ಕೆ ಮುಂಬೈಯ ವಿದ್ಯುತ್ ಕೇಬಲ್‌ಗಳ ಗುಂಯ್ ಸದ್ದು. ಸುತ್ತನ್ನು ಟ್ರಾನ್ಸ್‌ಫಾರ್ಮರ್‌ನಿಂದ ದೂರ ಎಳೆದ ಮೇಲೇ ಅಕ್ಷರಗಳು ನೆಟ್ಟಗೆ ಬಂದವು. ಕೇಬಲ್ ಹರಿದ ಮೇಲೂ ಮಾತಾಡಿದ್ದು ಇದೊಂದೇ.

ಹಾಗಾಗಿ ನನ್ನ ಆಯ್ಕೆ ಹೀಗೆ. ದಿನದ ಮಾತಿಗೆ ಲೀಕಿ ಫೀಡರ್, ಲೆಕ್ಕಕ್ಕೆ ಟ್ಯಾಗ್, ಆಪತ್ತಿನಲ್ಲಿ ಜನ ಸೇರುವ ಆಶ್ರಯ ಕೋಣೆಯಲ್ಲಿ ಒಂದು ತಂತಿ ಸುತ್ತಿನ ರೇಡಿಯೋ. ದುಡ್ಡು ಕಮ್ಮಿ ಅಂದರೆ ಮೆಶ್ ಬಿಡಿ, ಕೊನೆಯದನ್ನು ಬಿಡಬೇಡಿ. ಮಾರಲು ಬಂದವರು ಮೇಲಿಂದ ಕೆಳಕ್ಕೆ ಕಳಿಸಿ ತೋರಿಸುತ್ತಾರೆ. ಕೆಳಗಿಂದ ಮೇಲಕ್ಕೆ ಕಳಿಸಿ ತೋರಿಸಿ ಅನ್ನಿ, ಅದೂ ಬ್ಯಾಟರಿಯಲ್ಲಿ.