ಮೂರು ವರ್ಷ, ಹನ್ನೊಂದು ಚಕ್ರ: ಕಾರವಾರದ ಒಂದು ಪ್ರೋಟೋಟೈಪ್ ಲ್ಯಾಬ್ ಬಗ್ಗೆ

ನಾನು ಶಿರಸಿ ಕಡೆಯವನು. ಕಾಲೇಜು ತಂಡಕ್ಕೆ ಸಣ್ಣದೊಂದು ರೋವರ್ (ಚಂದ್ರ, ಮಂಗಳದ ನೆಲದ ಮೇಲೆ ಓಡಾಡುವಂಥ ಗಾಡಿ) ಮಾಡುವ ಹುಚ್ಚು ಹತ್ತಿ ಮೂರು ವರ್ಷದಿಂದ, ಮಾದರಿ ತುಂಡುಗಳನ್ನು ಮಾಡಿಕೊಡುವ ಕಾರವಾರದ ಈ ಲ್ಯಾಬಿಗೆ ಓಡಾಡುತ್ತಿದ್ದೇನೆ. ಹೆಸರು ಬರೆಯುವುದಿಲ್ಲ, ಕೆಳಗೆ ಬೈಗುಳವೂ ಇದೆ.

ಬೋರ್ಡಿನಲ್ಲಿ 'ಬಾಹ್ಯಾಕಾಶ' ಅಂತ ದೊಡ್ಡ ಅಕ್ಷರ. ಒಳಗಿರುವುದು ನಾಲ್ಕು ತ್ರೀಡಿ ಪ್ರಿಂಟರ್, ಒಂದು ಲೇಸರ್ ಕಟರ್, ಲೋಹ ಕಡೆಯುವ ಒಂದು ಹಳೇ ಲೇತ್. ಹೊಸಬರು ಬಂದ ಕೂಡಲೇ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೇ ಹಂತದ ಪಿಎಸ್4 ಎಂಜಿನ್ ಕಥೆ ತೆಗೆಯುತ್ತಾರೆ. 14 ಭಾಗಗಳನ್ನು ಒಂದೇ ತುಂಡಾಗಿ ಪ್ರಿಂಟ್ ಮಾಡಿ, 19 ವೆಲ್ಡಿಂಗ್ ಉಳಿಸಿ, 2024ರ ಮೇ 9ರಂದು 665 ಸೆಕೆಂಡ್ ಉರಿಸಿದ ಎಂಜಿನ್ ಅದು. ಆದರೆ ಅದು ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸಿ ಮಾಡಿದ್ದು. ಇಲ್ಲಿ ಬರೀ ಪ್ಲಾಸ್ಟಿಕ್. ಅಷ್ಟು ತಿಳಿದುಕೊಂಡೇ ಹೋಗಿ.

ಹಾಗಿದ್ದರೂ ಯಾಕೆ ಹೋಗುತ್ತೇನೆ? ಸಂಜೆ ಡ್ರಾಯಿಂಗ್ ಕೊಟ್ಟರೆ ಮರುದಿನ ಚಕ್ರ ಕೈಯಲ್ಲಿರುತ್ತದೆ. ಮಧ್ಯಾಹ್ನದೊಳಗೆ ಅದು ಕೆಟ್ಟದ್ದು ಅಂತ ಗೊತ್ತಾಗುತ್ತದೆ!

ಮೊದಲ ಚಕ್ರವನ್ನು ಮಾಜಾಳಿಯಿಂದ ಗುಡ್ಡ ದಾಟಿ ತಿಳಮಾತಿ ಕಡಲತೀರಕ್ಕೆ ಒಯ್ದಿದ್ದೆವು. ಅಲ್ಲಿನ ಮರಳು ಕಪ್ಪು ಎಳ್ಳಿನ ಹಾಗೆ, ಹೆಸರು ಬಂದದ್ದೂ ಅದರಿಂದಲೇ. ಚಕ್ರದ ಹಲ್ಲು ಮೂರೇ ಮಿಲಿಮೀಟರ್ ಇತ್ತು. ರೋವರ್ ಒಂದು ಮಾರು ಹೋಯಿತು. ಆಮೇಲೆ ಚಕ್ರ ನಿಂತಲ್ಲೇ ತಿರುಗಿ, ಹಿಂದಕ್ಕೆ ಮರಳು ಎಸೆಯುತ್ತಾ ಅಚ್ಚಿನವರೆಗೆ ಹೂತುಕೊಂಡಿತು. ನಾಸಾದ ಸ್ಪಿರಿಟ್ ರೋವರ್ ಕೂಡ 2009ರಲ್ಲಿ ಮಂಗಳದ ಮೆದು ಮಣ್ಣಿನಲ್ಲಿ ಸಿಕ್ಕಿಕೊಂಡಿತ್ತಲ್ಲ ಅಂತ ಸಮಾಧಾನ ಮಾಡಿಕೊಂಡೆವು.

ಲ್ಯಾಬಿನಲ್ಲಿ ಲೇತ್ ನಡೆಸುವ ಒಬ್ಬ ಹಿರಿಯ ಟರ್ನರ್ ಇದ್ದಾರೆ. ಚಕ್ರವನ್ನು ತಿರುಗಿಸಿ ನೋಡಿ, "ಎಂತ ಮಾರಾಯ, ಗದ್ದೆ ಹೂಡುವ ಟಿಲ್ಲರಿನ ಕಬ್ಬಿಣದ ಚಕ್ರ ನೋಡಿಲ್ವಾ ನೀನು?" ಅಂದರು. ಅಲ್ಲೇ ರಟ್ಟು ಕತ್ತರಿಸಿ ಉದ್ದ ಹಲ್ಲು ಅಂಟಿಸಿ ಕೊಟ್ಟರು. ಏಳನೇ ಚಕ್ರದ ಹೊತ್ತಿಗೆ ಹಲ್ಲು ಹತ್ತು ಮಿಲಿಮೀಟರ್ ಆಗಿ, ಸ್ವಲ್ಪ ಓರೆಯಾಗಿ, ರೋವರ್ ದಿಬ್ಬ ಹತ್ತಿತು. ಹಾಗಂತ ತಿಳಮಾತಿಯಲ್ಲಿ ಪಾಸಾದರೆ ಚಂದ್ರನಲ್ಲಿ ಪಾಸ್ ಅಲ್ಲ. ಸಮುದ್ರದ ಮರಳು ಅಲೆಗೆ ಉರುಳಿ ನುಣುಪಾಗಿರುತ್ತದೆ. ಚಂದ್ರನಲ್ಲಿ ಗಾಳಿಯೂ ಇಲ್ಲ, ಹರಿಯುವ ನೀರೂ ಇಲ್ಲ. ಅಲ್ಲಿನ ಧೂಳು ಒಡೆದ ಗಾಜಿನ ಹಾಗೆ ಚೂಪು.

ಎಂಟನೇ ಚಕ್ರ ಹಾಳಾದದ್ದು ನನ್ನ ತಪ್ಪಿನಿಂದ. ಚಕ್ರ ಪ್ರಿಂಟ್ ಮಾಡಿದ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿಗೆ ಕಾರಿನೊಳಗೆ ಇಟ್ಟು ಊಟಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

ಇನ್ನು ಬೈಗುಳ. ಮಳೆಗಾಲದಲ್ಲಿ ಇವರ ನೈಲಾನ್ ಫಿಲಮೆಂಟ್ (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ದಾರ) ಮುಟ್ಟಬೇಡಿ. ರೀಲುಗಳನ್ನು ಸುಮ್ನೆ ತೆರೆದ ಕಪಾಟಿನಲ್ಲಿ ಇಡುತ್ತಾರೆ. ಜುಲೈನಲ್ಲಿ ಅದು ನೀರು ಕುಡಿದಿರುತ್ತದೆ. ನಳಿಗೆಯಿಂದ ಹೊರಬರುವಾಗ ಒಗ್ಗರಣೆಯ ಸಾಸಿವೆ ತರ ಚಟಪಟ ಅನ್ನುತ್ತದೆ, ಮೇಲ್ಮೈ ತುಂಬಾ ಗುಳ್ಳೆ, ಬಲವೇ ಇಲ್ಲ. ಎರಡು ಸಲ ದುಡ್ಡು ಕಳೆದುಕೊಂಡ ಮೇಲೆ ನನ್ನದೇ ರೀಲು ಕೊಂಡು ಮನೆಯ ಅಡಿಕೆ ಡ್ರೈಯರಿನಲ್ಲಿ ಒಂದು ರಾತ್ರಿ ಒಣಗಿಸಿ ಒಯ್ಯುತ್ತೇನೆ. ಅಡಿಕೆ ವಾಸನೆ ಬರುತ್ತದೆ, ಪ್ರಿಂಟ್ ಚೆನ್ನಾಗಿ ಬರುತ್ತದೆ.

ಅದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಕರೆಂಟ್ ವಿಷಯಕ್ಕೆ. ಸ್ಪರ್ಧೆಗೆ ಎರಡೇ ದಿನ ಇತ್ತು. 14 ಗಂಟೆಯ ಪ್ರಿಂಟ್ 11ನೇ ಗಂಟೆಗೆ ನಿಂತುಹೋಯಿತು. ದೊಡ್ಡ ಪ್ರಿಂಟರಿಗೆ ಯುಪಿಎಸ್ ಇಲ್ಲ. ಅರ್ಧ ಹಣ ಹಿಂದೆ ಕೊಟ್ಟರು. ಹಣ ಯಾರಿಗೆ ಬೇಕಿತ್ತು? ಈಗಲೂ ಯುಪಿಎಸ್ ಬಂದಿಲ್ಲ.

ಗಾಳಿ ಹೊರತೆಗೆದು ಪರೀಕ್ಷೆ ಮಾಡುವ ವ್ಯಾಕ್ಯೂಮ್ ಚೇಂಬರ್ ಕೂಡ ಇಲ್ಲ. ನಿರ್ವಾತದಲ್ಲಿ ಪ್ಲಾಸ್ಟಿಕ್ ಬಿಡುವ ಆವಿ ಕ್ಯಾಮೆರಾ ಗಾಜಿನ ಮೇಲೆ ಕೂರುತ್ತದೆ. ಅದಕ್ಕೇ ನಿರ್ವಾತದಲ್ಲೇ 125 ಡಿಗ್ರಿ ಬಿಸಿಗೆ 24 ಗಂಟೆ ಇಟ್ಟು, ತೂಕ ಶೇಕಡಾ 1ಕ್ಕಿಂತ ಜಾಸ್ತಿ ಇಳಿಯುತ್ತದಾ ಅಂತ ನೋಡುವ ಪರೀಕ್ಷೆ ಇದೆ. ಅದೆಲ್ಲ ಇಲ್ಲಿ ಆಗುವುದಿಲ್ಲ.

ಹೋಗುವವರು ಒಂದು ನೋಟ್‌ಬುಕ್ ಒಯ್ಯಿರಿ. ಯಾವ ಬಿಸಿ, ಯಾವ ವೇಗ ಅಂತ ಅವರು ಬರೆದಿಡುವುದಿಲ್ಲ, ಒಂಬತ್ತನೇ ಚಕ್ರದ ಸೆಟ್ಟಿಂಗ್ ಹಾಗೆಯೇ ಕಳೆದುಹೋಯಿತು. ಮತ್ತೆ ಬೆಳಿಗ್ಗೆಯೇ ಹೋಗಿ. ಟರ್ನರ್ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದರೆ ವಾಪಸ್ ಬರುವುದು ನಾಲ್ಕಕ್ಕೆ.